ನಿಮಗಿದು ಗೊತ್ತೇ? ಕಸದ ಗಾಡಿ ತಿರುವು ದಾಟಿದ ಮೇಲೆ

ಬೆಳಗ್ಗೆ ಗಾಡಿ ಬಂತು, ಬಕೆಟ್ ಖಾಲಿಯಾಯಿತು, ಗೇಟು ಹಾಕಿದೆವು. ಮನೆಯ ಮಟ್ಟಿಗೆ ಕಸದ ಕಥೆ ಅಲ್ಲಿಗೆ ಮುಗಿಯಿತು; ಊರಿನ ಮಟ್ಟಿಗೆ ಶುರುವಾಗುವುದೇ ಅಲ್ಲಿಂದ. ಆದರೆ ಆ ಕಥೆ ಎಲ್ಲಿ ಮುಗಿಯಬೇಕು ಎಂಬುದು ಅಡುಗೆಮನೆಯ ಸಿಂಕಿನ ಪಕ್ಕದಲ್ಲೇ ತೀರ್ಮಾನವಾಗಿರುತ್ತದೆ. ಬೇರೆ ಮಾಡಿ ಕೊಟ್ಟೆವೋ, ಬೆರೆಸಿ ಕೊಟ್ಟೆವೋ? ಇಷ್ಟೇ ಪ್ರಶ್ನೆ. ಕಸದ ಹಿಂದೆಯೇ ಒಂದು ಸುತ್ತು ಹೋಗಿ ಬರೋಣ.

ಮನೆಯೊಳಗೆ

● ಬೆಂಗಳೂರಿನಲ್ಲಿ ಕಸ ವಿಂಗಡಣೆ ಕಡ್ಡಾಯವಾಗಿದ್ದು 2012ರ ಅಕ್ಟೋಬರ್ 1ರಿಂದ. 'ಎರಡು ಡಬ್ಬಿ, ಒಂದು ಚೀಲ' ಪದ್ಧತಿಯನ್ನು ಇಡೀ ನಗರ ಪಾಲಿಸಬೇಕೆಂದು ಹೈಕೋರ್ಟ್ ಹೇಳಿದ್ದು 2015ರ ಡಿಸೆಂಬರ್‌ನಲ್ಲಿ. ಹಸಿರು ಡಬ್ಬಿಗೆ ಹಸಿ ಕಸ. ಕೆಂಪು ಡಬ್ಬಿಗೆ ಪ್ಯಾಡ್, ಡೈಪರ್, ಬ್ಯಾಂಡೇಜು. ಚೀಲಕ್ಕೆ ಒಣ ಕಸ. ಹಸಿರು ಡಬ್ಬಿಯೊಳಗೆ ಪ್ಲಾಸ್ಟಿಕ್ ಕವರ್ ಹಾಸಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಹಳೆಯ ಪೇಪರ್ ಹಾಸಿದರೆ ಅಡ್ಡಿಯಿಲ್ಲ.

● ಮುಟ್ಟಿದರೆ ಒದ್ದೆಯೋ ಒಣಗಿದೆಯೋ ಎಂದು ನೋಡಿ ಹಸಿ ಕಸ, ಒಣ ಕಸ ಎಂದು ಹೇಳುವುದಲ್ಲ. ದೇವರ ಪಟದಿಂದ ತೆಗೆದ ಬಾಡಿದ ಹೂವು, ಗರಿಗರಿ ಈರುಳ್ಳಿ ಸಿಪ್ಪೆ, ಕಾಫಿ ಚರಟ, ಮೊಟ್ಟೆ ಚಿಪ್ಪು ಎಲ್ಲವೂ ಹಸಿ ಕಸವೇ, ಏಕೆಂದರೆ ಕೊಳೆಯುತ್ತವೆ. ನೀರು ತೊಟ್ಟಿಕ್ಕುವ ಹಾಲಿನ ಕವರ್ ಒಣ ಕಸ. ತೊಳೆದು, ನೀರಿಳಿಯಲು ಬಿಟ್ಟು ಚೀಲಕ್ಕೆ ಹಾಕಬೇಕು.

● ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ. ಆ ಚೂರು ಎಷ್ಟು ಚಿಕ್ಕದೆಂದರೆ ಯಾರ ಕೈಗೂ ಸಿಗುವುದಿಲ್ಲ. ಚರಂಡಿಗೋ ಹಸಿ ಕಸಕ್ಕೋ ಸೇರಿ ಕೊನೆಗೆ ಮಣ್ಣಿನಲ್ಲಿ ಉಳಿಯುತ್ತದೆ. ತುದಿ ಕವರಿಗೇ ಅಂಟಿಕೊಂಡಿರುವಂತೆ ಸೀಳಿದರೆ ಸಾಕು.

● ಪೇಪರ್ ಕಪ್ ಬರೀ ಪೇಪರಲ್ಲ. ಟೀ ಸೋರದಿರಲೆಂದು ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಎಟಿಎಂ ಚೀಟಿ, ಅಂಗಡಿಯ ಬಿಲ್ಲು ಕೂಡ ರಾಸಾಯನಿಕ ಬಳಿದ ಕಾಗದ. ಎಣ್ಣೆ ಕುಡಿದ ಪಿಜ್ಜಾ ಡಬ್ಬಿಗೂ ರದ್ದಿಯಲ್ಲಿ ಬೆಲೆಯಿಲ್ಲ.

● ಎಳನೀರು ಬುರುಡೆ ಕೊಳೆಯುತ್ತದೆ ನಿಜ, ಆದರೆ ಅನ್ನ, ತರಕಾರಿಯ ಹಾಗೆ ಬೇಗ ಅಲ್ಲ. ಗೊಬ್ಬರದ ಗುಂಡಿಗೆ ಇಡಿಯಾಗಿ ಬಿದ್ದರೆ ಮಿಕ್ಕದ್ದು ಗೊಬ್ಬರವಾದರೂ ಅದು ಹಾಗೇ ಕೂತಿರುತ್ತದೆ. ಬೇರೆಯಾಗಿ ಕೊಡುವುದು ಲೇಸು.

● ಬಳಸಿದ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ, ಮೇಲೊಂದು ಕೆಂಪು ಚುಕ್ಕೆ ಇಡಿ ಎಂದು ಬೆಂಗಳೂರಿನ ಸ್ವಯಂಸೇವಕರು ಅಭಿಯಾನವನ್ನೇ ಮಾಡಿದರು. ಚುಕ್ಕೆ ಕಂಡರೆ ಪೊಟ್ಟಣ ಬಿಚ್ಚಬೇಕಿಲ್ಲ ಎಂದು ಕಸ ಬೇರ್ಪಡಿಸುವವರಿಗೆ ತಿಳಿಯುತ್ತದೆ. ಪ್ಯಾಡ್, ಡೈಪರ್ ತಯಾರಿಸುವ ಕಂಪನಿಗಳು ಅವನ್ನು ಸುತ್ತಿ ಎಸೆಯಲು ಪೊಟ್ಟಣವನ್ನೂ ಜೊತೆಗೇ ಕೊಡಬೇಕೆಂದು ಕೇಂದ್ರದ 2016ರ ಘನತ್ಯಾಜ್ಯ ನಿರ್ವಹಣೆ ನಿಯಮ ಹೇಳಿತು.

● ಟ್ಯೂಬ್‌ಲೈಟ್, ಸಿಎಫ್ಎಲ್ ಬಲ್ಬುಗಳೊಳಗೆ ಪಾದರಸವಿದೆ. ಒಡೆದ ಬಲ್ಬನ್ನು ಹಸಿ ಕಸಕ್ಕೆ ಹಾಕಿದರೆ ಪೌರಕಾರ್ಮಿಕರ ಕೈಗೂ ಗಾಯ, ಗೊಬ್ಬರಕ್ಕೂ ವಿಷ.

● ಮನೆಯಲ್ಲೇ ಗೊಬ್ಬರ ಮಾಡಿದರೆ ನಾತ ಬರುತ್ತದೆಯೇ? ನಾತ ಬಂದರೆ ಒಳಗೆ ಗಾಳಿಯಾಡುತ್ತಿಲ್ಲ, ನೀರು ಜಾಸ್ತಿಯಾಗಿದೆ ಎಂದರ್ಥ. ಒಂದು ಹಿಡಿ ತರಗೆಲೆ, ತೆಂಗಿನ ನಾರಿನ ಪುಡಿ ಅಥವಾ ಮರದ ಹೊಟ್ಟು ಹಾಕಿ ಕೈಯಾಡಿಸಿದರೆ ಸರಿಹೋಗುತ್ತದೆ. ಬಾಲ್ಕನಿಯಲ್ಲಿ ಒಂದರ ಮೇಲೊಂದು ಪೇರಿಸುವ ಮಣ್ಣಿನ ಮಡಕೆಗಳನ್ನು ಬೆಂಗಳೂರಿನ 'ಡೈಲಿ ಡಂಪ್' ಸಂಸ್ಥೆ ಜನಪ್ರಿಯಗೊಳಿಸಿತು.

ಗಾಡಿಯ ಬಳಿ

● ಸೆಪ್ಟೆಂಬರ್ 23 ಕರ್ನಾಟಕದಲ್ಲಿ ಪೌರಕಾರ್ಮಿಕರ ದಿನ. 700 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕರಿರಬೇಕು ಎಂಬುದು ರಾಜ್ಯ ಇಟ್ಟುಕೊಂಡ ಅಳತೆ. 2017ರಲ್ಲಿ ಸರ್ಕಾರ ಪೌರಕಾರ್ಮಿಕರನ್ನು ಅಧ್ಯಯನ ಪ್ರವಾಸಕ್ಕೆಂದು ಸಿಂಗಪುರಕ್ಕೂ ಕಳಿಸಿತ್ತು.

● ಹಳ್ಳಿಗಳಲ್ಲಿ ಓಡಾಡುವ ಕಸದ ಗಾಡಿ 'ಸ್ವಚ್ಛ ವಾಹಿನಿ'ಯ ಸ್ಟಿಯರಿಂಗ್ ಹಿಡಿದವರನ್ನು ಗಮನಿಸಿದ್ದೀರಾ? ಸ್ತ್ರೀಶಕ್ತಿ, ಸಂಜೀವಿನಿಯಂಥ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳಿಗೆ ಚಾಲನಾ ತರಬೇತಿ ಕೊಟ್ಟು, ಲೈಸೆನ್ಸ್ ಕೊಡಿಸಿ ಅನೇಕ ಪಂಚಾಯಿತಿಗಳು ಈ ಕೆಲಸ ವಹಿಸಿವೆ.

● ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಕಸಕ್ಕೆ ಬಳಕೆದಾರರ ಶುಲ್ಕ ಬಂತು. ಆಸ್ತಿ ತೆರಿಗೆಯ ಜೊತೆಯಲ್ಲೇ ವಸೂಲಿ. ಆರಂಭದಲ್ಲಿ 600 ಚದರಡಿವರೆಗಿನ ಮನೆಗೆ ತಿಂಗಳಿಗೆ ₹10, 4,000 ಚದರಡಿ ದಾಟಿದರೆ ₹400. ಲೆಕ್ಕವೆಲ್ಲ ಕಟ್ಟಡದ ಅಳತೆಯ ಮೇಲೆ. ಮನೆಯಲ್ಲೇ ಗೊಬ್ಬರ ಮಾಡಿ ಹಿಡಿಯಷ್ಟು ಕಸ ಕೊಡುವವರಿಗೂ, ಬಕೆಟ್ ತುಂಬ ಬೆರೆಸಿ ಕೊಡುವ ಪಕ್ಕದ ಮನೆಯವರಿಗೂ ಚದರಡಿ ಒಂದೇ ಆದರೆ ಶುಲ್ಕವೂ ಒಂದೇ.

● ರಸ್ತೆ ಬದಿ ಕಸ ಎಸೆದವರ ಮನೆ ಹುಡುಕಿ, ಅವರ ಬಾಗಿಲಲ್ಲೇ ಕಸ ಸುರಿದು ದಂಡ ಹಾಕುವ ಅಭಿಯಾನ 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಅದಕ್ಕೆ ಬಿದ್ದ ಹೆಸರು 'ಕಸ ಸುರಿಯುವ ಹಬ್ಬ'!

● ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭವನ್ನು, ಪರವಾನಗಿ ಪಡೆದ ಛತ್ರದ ಹೊರಗೆ ಮಾಡುವುದಾದರೆ, ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂದು ಕೇಂದ್ರದ 2016ರ ನಿಯಮ ಹೇಳಿತು. ಅಲ್ಲಿನ ಕಸವನ್ನು ವಿಂಗಡಿಸಿ ಕೊಡಬೇಕು. ಗೃಹಪ್ರವೇಶಕ್ಕೆ ಶಾಮಿಯಾನ ಹಾಕಿಸುವಾಗ ಇದು ಯಾರ ನೆನಪಿಗೆ ಬರುತ್ತದೆ? ಪ್ಲಾಸ್ಟಿಕ್ ತಟ್ಟೆ, ಲೋಟ ಬೇಡವೆನ್ನುವವರಿಗೆ ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯ 'ಪ್ಲೇಟ್ ಬ್ಯಾಂಕ್' ಇದೆ. ಸ್ಟೀಲ್ ತಟ್ಟೆ ಒಯ್ಯಿರಿ, ಊಟ ಮುಗಿಸಿ, ತೊಳೆದು ತಂದುಕೊಡಿ.

● ಬೀದಿಯ ಮೂಲೆಯಲ್ಲಿ ತರಗೆಲೆ, ಪ್ಲಾಸ್ಟಿಕ್ ಗುಡ್ಡೆ ಹಾಕಿ ಬೆಂಕಿ ಇಡುವುದು ಸಣ್ಣ ತಪ್ಪಲ್ಲ. ಬಯಲಲ್ಲಿ ಕಸ ಸುಟ್ಟರೆ ₹5,000, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ ₹25,000 ಪರಿಹಾರ ಕಟ್ಟಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಆದೇಶಿಸಿತು.

● ಕರ್ನಾಟಕ ಪ್ಲಾಸ್ಟಿಕ್ ಕೈಚೀಲ, ಫ್ಲೆಕ್ಸ್, ತಟ್ಟೆ, ಲೋಟಗಳನ್ನು ನಿಷೇಧಿಸಿದ್ದು 2016ರ ಮಾರ್ಚ್‌ನಲ್ಲಿ. ಏಕಬಳಕೆ ಪ್ಲಾಸ್ಟಿಕ್ಕಿನ ಮೇಲೆ ಇಡೀ ದೇಶದ ನಿಷೇಧ ಬಂದದ್ದು 2022ರ ಜುಲೈ 1ರಂದು. ಆ ಪಟ್ಟಿಯಲ್ಲಿ ಸ್ವೀಟ್ ಬಾಕ್ಸಿನ ಮೇಲಿನ ತೆಳು ಹೊದಿಕೆಯೂ ಇದೆ, ಬಲೂನಿನ ಕಡ್ಡಿಯೂ ಇದೆ.

ಗುಜರಿಯಿಂದ ಕಾರ್ಖಾನೆಗೆ

● ಬೀದಿಯಲ್ಲಿ ಕಸ ಆಯುವವರಿಗೆ ನಗರಾಡಳಿತವೇ ಗುರುತಿನ ಚೀಟಿ ಕೊಡುವ ಕೆಲಸ ಬೆಂಗಳೂರಿನಲ್ಲಿ 2011ರಲ್ಲಿ ಶುರುವಾಯಿತು. ಚೀಟಿ ಬರುವ ಮುಂಚೆ ಕತ್ತಲಲ್ಲಿ ಗೋಣಿ ಹೊತ್ತವರನ್ನು ಕಳ್ಳರೆಂದು ಹಿಡಿಯುವುದು ಮಾಮೂಲಾಗಿತ್ತು. ಅವರಲ್ಲಿ ಹಲವರು ಇಂದು ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರ ನಡೆಸುತ್ತಾರೆ. 'ಹಸಿರು ದಳ'ದಂಥ ಸಂಸ್ಥೆಗಳು ಅವರ ಬೆನ್ನಿಗಿವೆ.

● ಇಂಥ ಕೇಂದ್ರದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಬೇಕು. ನೆಲಕ್ಕೆ ಸುರಿದ ರಾಶಿಯ ಸುತ್ತ ಕೂತ ಹೆಂಗಸರ ಕೈ ನಿಲ್ಲುವುದೇ ಇಲ್ಲ. ಬಿಳಿ ಹಾಳೆ ಒಂದು ಕಡೆ, ನ್ಯೂಸ್‌ಪೇಪರ್ ಒಂದು ಕಡೆ, ರಟ್ಟು ಮತ್ತೊಂದು ಕಡೆ. ಹಾಲಿನ ಕವರ್, ನೀರಿನ ಬಾಟಲಿ, ಬಾಟಲಿಯ ಮುಚ್ಚಳ, ಶಾಂಪೂ ಡಬ್ಬಿ ಒಂದೊಂದಕ್ಕೂ ಬೇರೆ ಬೇರೆ ಗೋಣಿ. ಪ್ಲಾಸ್ಟಿಕ್ ಹಾಳೆ ಯಾವ ಜಾತಿಯದೆಂದು ಗೊತ್ತಾಗದಿದ್ದರೆ ಒಮ್ಮೆ ಮುದುಡುತ್ತಾರೆ. ಚರಚರ ಸದ್ದು ಬಂದರೆ ಒಂದು ಗೋಣಿಗೆ, ಮೆತ್ತಗೆ ಮಡಚಿಕೊಂಡರೆ ಇನ್ನೊಂದಕ್ಕೆ. ಸಾಂಬಾರು ಮೆತ್ತಿದ ರಟ್ಟು ಕೈಗೆ ಬಂತೋ, ಅದನ್ನು ಯಾವ ಗೋಣಿಗೂ ಹಾಕದೆ ಹಿಂದಕ್ಕೆ ಎಸೆಯುತ್ತಾರೆ. ಕೊಳ್ಳುವವರಿಲ್ಲದ ಮಾಲು ಅದು.

● ಪಾನೀಯದ ಬಾಟಲಿ ಕರಗಿ ನೂಲಾಗುತ್ತದೆ, ನೂಲು ಬಟ್ಟೆಯಾಗುತ್ತದೆ. ಬಳಸಿದ ಬಾಟಲಿಗಳಿಂದ ನೇಯ್ದ ಇಂಡಿಯನ್ ಆಯಿಲ್ ಸಿಬ್ಬಂದಿ ಸಮವಸ್ತ್ರವನ್ನು 2023ರ ಫೆಬ್ರುವರಿಯಲ್ಲಿ ಪ್ರಧಾನಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ. ಒಂದು ಜೊತೆಗೆ ಸುಮಾರು 28 ಬಾಟಲಿ ಎಂಬುದು ಕಂಪನಿಯ ಲೆಕ್ಕ.

● ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯುವುದಕ್ಕೆ ಹೋಲಿಸಿದರೆ ಹಳೆಯ ಡಬ್ಬಿಯನ್ನು ಕರಗಿಸಲು ಶೇ 5ರಷ್ಟೇ ವಿದ್ಯುತ್ತು, ಇಂಧನ ಸಾಕು. ಗಾಜನ್ನು ಎಷ್ಟು ಸಲ ಬೇಕಾದರೂ ಕರಗಿಸಬಹುದು. ಕಾಗದಕ್ಕೆ ಆ ಭಾಗ್ಯವಿಲ್ಲ. ಐದಾರು ಸಲ ಅರೆದ ಮೇಲೆ ನಾರು ತುಂಡಾಗಿ ಕೆಲಸಕ್ಕೆ ಬಾರದು.

● ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಕವರಿನಲ್ಲಿ ಪ್ಲಾಸ್ಟಿಕ್ಕು, ಲೋಹ ಪದರ ಪದರವಾಗಿ ಅಂಟಿಕೊಂಡಿರುತ್ತವೆ. ಬಿಡಿಸುವುದು ದುಬಾರಿ, ಹೀಗಾಗಿ ಗುಜರಿಯವರು ಮುಟ್ಟುವುದಿಲ್ಲ. ಚೊಕ್ಕವಾಗಿ ಬೇರೆಯಾಗಿ ಬಂದರೆ ಕಲ್ಲಿದ್ದಲಿನ ಬದಲು ಸಿಮೆಂಟ್ ಕಾರ್ಖಾನೆಯ ಗೂಡಿಗಾದರೂ ಹೋಗುತ್ತದೆ.

● ಡಾಂಬರಿಗೆ ಪ್ಲಾಸ್ಟಿಕ್ ಬೆರೆಸಿ ರಸ್ತೆ ಹಾಕುವ ಪ್ರಯೋಗವನ್ನು ಮೊದಮೊದಲು ಮಾಡಿದ ಊರುಗಳಲ್ಲಿ ಬೆಂಗಳೂರೂ ಒಂದು. ನಗರದ ಕಸದಿಂದ ಗೊಬ್ಬರ ತಯಾರಿಸಲೆಂದೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿದ್ದು 1975ರಲ್ಲಿ.

ಊರಾಚೆ

● ಬೆಂಗಳೂರಿನ ಬೆರೆತ ಕಸ ವರ್ಷಗಟ್ಟಲೆ ಹೋಗಿ ಬಿದ್ದದ್ದು ಮಾವಳ್ಳಿಪುರ, ಮಂಡೂರಿನಂಥ ಹಳ್ಳಿಗಳ ಪಕ್ಕ. ರಾಶಿಯಿಂದ ಸೋರಿದ ಕಪ್ಪು ನೀರು ಅಂತರ್ಜಲಕ್ಕಿಳಿಯಿತು. ಹಳ್ಳಿಯವರು ಲಾರಿ ತಡೆದರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ನಗರದ ಬೀದಿ ಬೀದಿಯಲ್ಲಿ ಕಸ ರಾಶಿ ಬಿತ್ತು. ವಿಂಗಡಣೆ ಕಡ್ಡಾಯದ ಆದೇಶ ಬಂದದ್ದು ಆ ಬಿಸಿಯಲ್ಲೇ. ಮಂಡೂರಿಗೆ ಕಸ ಹೋಗುವುದು ನಿಂತಿದ್ದು 2014ರ ಕೊನೆಗೆ, ಊರವರ ದೀರ್ಘ ಹೋರಾಟದ ನಂತರ.

● ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್‌ನ ಜಡಿಮಳೆಗೆ ಕಸದ ಗುಡ್ಡವೇ ಜರಿಯಿತು. ಕೆಳಗಿನ ಮಂದಾರದ ಮನೆಗಳು, ಅಡಿಕೆ ತೋಟಗಳು ಕಸದಡಿ ಹೂತವು. ತಲೆಮಾರುಗಳಿಂದ ಅಲ್ಲಿದ್ದ ಕುಟುಂಬಗಳು ಮನೆ ಬಿಡಬೇಕಾಯಿತು.

● ದೇಶದ ಕಸದ ಕಾನೂನಿಗೆ ಬೆಂಗಳೂರಿನ ನಂಟಿದೆ. ಇಲ್ಲಿ ನೆಲೆಸಿದ ಎಂಜಿನಿಯರ್ ಆಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟ್‌ಗೆ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಫಲವೇ 2000ದ ನಗರ ತ್ಯಾಜ್ಯ ನಿಯಮ. ಕಸ ಸುಟ್ಟವರಿಗೆ ದಂಡ ಹಾಕಿದ ಹಸಿರು ನ್ಯಾಯಮಂಡಳಿಯ ಆದೇಶವೂ ಅವರದೇ ಪ್ರಕರಣದಲ್ಲಿ ಬಂದದ್ದು.

● 'ಎಲ್ಲ ಸುಟ್ಟು ಕರೆಂಟ್ ಮಾಡಿದರಾಯಿತಲ್ಲ' ಎನ್ನುವವರಿದ್ದಾರೆ. ಬಿಡದಿಯ ಘಟಕ ದಿನಕ್ಕೆ 600 ಟನ್ ಕಸದಿಂದ 11.5 ಮೆಗಾವಾಟ್ ವಿದ್ಯುತ್ ತಯಾರಿಸುವ ಸಾಮರ್ಥ್ಯದ್ದು. ಆದರೆ ಒಲೆಗೆ ಬೇಕಾದದ್ದು ಒಣ ಕಸ. ನಮ್ಮ ಮನೆಗಳ ಕಸದಲ್ಲಿ ಅರ್ಧದಷ್ಟು ಹಸಿಯೇ. ಬೆರೆತು ಬಂದರೆ ಶಾಖವೆಲ್ಲ ನೀರು ಆರಿಸುವುದಕ್ಕೇ ಖರ್ಚು.

● ಸ್ವಚ್ಛ ನಗರಗಳ ರಾಷ್ಟ್ರೀಯ ಪಟ್ಟಿಯಲ್ಲಿ ಮೈಸೂರು 2015, 2016 ಎರಡೂ ವರ್ಷ ಮೊದಲ ಸ್ಥಾನದಲ್ಲಿತ್ತು. ಅಲ್ಲಿನ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕ ನೋಡಲು ಹೊರ ಊರುಗಳಿಂದ ಜನ ಬರುತ್ತಿದ್ದರು. ಹಳ್ಳಿಗಳೂ ಹಿಂದೆ ಬಿದ್ದಿಲ್ಲ: ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಸುತ್ತಲಿನ ಗ್ರಾಮ ಪಂಚಾಯಿತಿಗಳ ಒಣ ಕಸವನ್ನು ಒಟ್ಟಿಗೆ ತಂದು ಬೇರ್ಪಡಿಸುವ, ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕವಿದೆ.

● ಬಂಡೀಪುರ ದಾಟಿ ಊಟಿಗೆ ಹೋಗುವವರ ಗಾಡಿಯನ್ನು ನೀಲಗಿರಿ ಜಿಲ್ಲೆಯ ಗಡಿಯಲ್ಲೇ ತಡೆದು ಪ್ಲಾಸ್ಟಿಕ್ ನೀರಿನ ಬಾಟಲಿ ಹುಡುಕುತ್ತಾರೆ. ಅದೇ ಜಿಲ್ಲೆಯಲ್ಲಿ 2022ರಿಂದ ಮದ್ಯದ ಬಾಟಲಿಗೆ ₹10 ಹೆಚ್ಚು ತೆಗೆದುಕೊಂಡು, ಖಾಲಿ ಬಾಟಲಿ ತಂದರೆ ಆ ಹಣ ಹಿಂದಿರುಗಿಸುತ್ತಾರೆ. ಕಾಡಿನ ದಾರಿಯಲ್ಲಿ ಒಡೆದ ಬಾಟಲಿ ಆನೆಗಳ ಕಾಲಿಗೆ ಚುಚ್ಚದಿರಲೆಂದು ಹುಟ್ಟಿದ ಉಪಾಯ.

● ಕೊನೆಯದಾಗಿ, ಎರಡು ಡಬ್ಬಿ, ಒಂದು ಚೀಲವೇ ತಲೆನೋವು ಎನ್ನುವವರಿಗೆ ಜಪಾನಿನ ಕಾಮಿಕಾತ್ಸು ಎಂಬ ಪುಟ್ಟ ಪಟ್ಟಣದ ಸುದ್ದಿ. 2003ರಲ್ಲಿ 'ಶೂನ್ಯ ಕಸ'ದ ಸಂಕಲ್ಪ ಮಾಡಿದ ಅಲ್ಲಿನವರು ತಮ್ಮ ಕಸವನ್ನು ತಾವೇ ಕೇಂದ್ರಕ್ಕೆ ಒಯ್ದು ನಲವತ್ತಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸುತ್ತಾರೆ. ಎರಡು ಡಬ್ಬಿ, ಒಂದು ಚೀಲ ಕೇಳುವುದು ಮೂರೇ ಬಗೆ, ಅದೂ ನಮ್ಮ ಗೇಟಿನ ಮುಂದೆಯೇ.