ಬೇಟೆನಾಯಿ ಮತ್ತು ಉರುಳು: ಬದುವಿನ ಜಗಳ ಬಗೆಹರಿಸುವ ಬಗೆ

ನಮ್ಮದು ಕಪ್ಪತಗುಡ್ಡದ ಸೆರಗಿನ ಒಣಬೇಸಾಯದ ಸೀಮೆ. ಇಲ್ಲಿ ನೀರಿನ ಜಗಳ ಕಡಿಮೆ, ಯಾಕೆಂದರೆ ನೀರೇ ಕಡಿಮೆ. ಬದು ಒತ್ತಿದ ಜಗಳ, ದಾರಿ ಜಗಳ ಬಿಟ್ಟರೆ ಹಿರಿಯರ ಮುಂದೆ ಬರುವುದು ನಾಯಿ ಜಗಳ. ಅದರಲ್ಲೂ ನಾಯಿ ಬಿಟ್ಟು ಮೊಲ ಓಡಿಸುವವರಿಗೂ ಹಂದಿಗೆಂದು ಬದುವಿನಲ್ಲಿ ಉರುಳು ಕಟ್ಟುವವರಿಗೂ ಆಗುವ ಜಗಳ ಎರಡು ಮನೆಯವರು ಮಾತು ಬಿಡುವ ತನಕ ಹೋಗುತ್ತದೆ. ಇಂಥ ನಾಲ್ಕಾರು ಪಂಚಾಯ್ತಿಗೆ ನಾನು ಕುಳಿತಿದ್ದೇನೆ. ನನ್ನ ಹೊಲವೂ ಈ ಎರಡು ಕಡೆಯವರ ನಡುವೆಯೇ ಇದೆ. ಕಂಡದ್ದನ್ನು ಬರೆಯುತ್ತೇನೆ.

ಮೊದಲೇ ಕಾಯ್ದೆಯ ಮಾತು ಹೇಳಿಬಿಡುವುದು ಒಳ್ಳೇದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮೊಲವಾಗಲಿ ಕಾಡುಹಂದಿಯಾಗಲಿ ಹೊಡೆಯುವುದು ಅಪರಾಧ. ಹೊಡೆಯುವುದಷ್ಟೇ ಅಲ್ಲ, ಉರುಳು ಕಟ್ಟುವುದು, ವಿಷ ಇಡುವುದು, ಹಿಡಿಯಬೇಕೆಂದು ಅಟ್ಟುವುದು, ಇದಕ್ಕೆಲ್ಲ ಪ್ರಯತ್ನ ಮಾಡುವುದೂ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ಮೂರು ವರ್ಷದ ತನಕ ಜೈಲು ಇದೆ. ದಂಡದ ಮಿತಿ 2022ರ ತಿದ್ದುಪಡಿಯಲ್ಲಿ 25 ಸಾವಿರದಿಂದ 1 ಲಕ್ಷ ರೂಪಾಯಿಗೆ ಏರಿತು. "ನಮ್ಮ ಹೊಲದಾಗ ನಾವು ಹಿಡದ್ರ ಯಾರಪ್ಪಂದೇನು ಹೋಗ್ತೈತಿ" ಎನ್ನುವ ಮಾತು ನಡೆಯುವುದಿಲ್ಲ. 2025ರ ಯುಗಾದಿ ಹೊತ್ತಿಗೆ ರಾಯಚೂರು ಜಿಲ್ಲೆಯಲ್ಲಿ ಮೊಲ ಹೊಡೆದು ಮೆರವಣಿಗೆ ಮಾಡಿದವರ ಮೇಲೆ ಕೇಸಾದದ್ದು ಪೇಪರಿನಲ್ಲೇ ಬಂದಿದೆ. ಕಪ್ಪತಗುಡ್ಡವೂ 2019ರಲ್ಲಿ ವನ್ಯಜೀವಿ ಧಾಮವಾಯಿತು. ಗುಡ್ಡದ ಗಡಿಯೊಳಗೆ ನಾಯಿ ಕರೆದುಕೊಂಡು ಹೋಗುವ ಮಾತೇ ಇಲ್ಲ.

ಈ ಜಗಳ ಹುಣ್ಣಾಗಿ ಉಳಿಯುವುದಕ್ಕೂ ಕಾಯ್ದೆಯೇ ಒಂದು ಕಾರಣ. ಉರುಳಿಗೆ ಬಿದ್ದು ನಾಯಿ ಸತ್ತರೆ ನಾಯಿಯವನು ಠಾಣೆಗೆ ಹೋಗಲಾರ. "ಅಷ್ಟು ಹೊತ್ನ್ಯಾಗ ನಿನ್ನ ನಾಯಿ ಅಲ್ಲ್ಯಾಕ ಹೋಗಿತ್ತು?" ಎಂದು ಕೇಳುತ್ತಾರೆ. ಕಡ್ಲಿ ತುಳಿಸಿಕೊಂಡ ಉರುಳಿನವನೂ ಹೋಗಲಾರ. ಸ್ಥಳ ನೋಡಲು ಬಂದವರಿಗೆ ಮೊದಲು ಕಾಣುವುದು ಅವನ ತಂತಿಯೇ. ಇಬ್ಬರೂ ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಒಂದು ರಾತ್ರಿ ವಿಷ ಹಾಕಿದ ರೊಟ್ಟಿ ಬೀಳುತ್ತದೆ, ಇಲ್ಲವೇ ಬಣವಿಗೆ ಬೆಂಕಿ ಬೀಳುತ್ತದೆ. ಆದ್ದರಿಂದ ಈ ಜಗಳವನ್ನು ಊರೊಳಗೇ, ಅದೂ ಬೇಗ ಬಗೆಹರಿಸಬೇಕಾಗುತ್ತದೆ.

ಬಗೆಹರಿಸಲು ಕೂರುವವರು ನಾಯಿಯ ಗುಣವನ್ನೂ ಉರುಳಿನ ಜಾಗವನ್ನೂ ತಿಳಿದಿರಬೇಕು. ನಮ್ಮ ಕಡೆ ಇರುವುದು ಎರಡು ನಮೂನಿ ನಾಯಿ. ಊರನಾಯಿ ನೆಲ ಮೂಸುತ್ತ, ಬೊಗಳುತ್ತ ಹೋಗುತ್ತದೆ, ಕರೆದರೆ ತಿರುಗಿ ನೋಡುತ್ತದೆ. ಮುಧೋಳ ನಾಯಿ ಮತ್ತು ಅದರ ಬೆರಕೆ ಮರಿಗಳು ಕಣ್ಣಿನಿಂದ ಬೇಟೆಯಾಡುವ ಜಾತಿ. ಮೊಲ ಕಣ್ಣಿಗೆ ಬಿತ್ತೆಂದರೆ ಮುಗಿಯಿತು, ಸೀಟಿ ಹೊಡೆದರೂ ಕಿವಿಗೆ ಹೋಗುವುದಿಲ್ಲ. ಸರ್ವೆ ನಂಬರು, ಬದು, ಬೇಲಿ ಅದಕ್ಕೆ ಗೊತ್ತಿಲ್ಲ. "ನನ್ನ ನಾಯಿ ನನ್ನ ಮಾತು ಕೇಳ್ತೈತಿ" ಎಂದು ಪಂಚಾಯ್ತಿಯಲ್ಲಿ ಆಣೆ ಮಾಡಿದವನ ನಾಯಿ ಮೊಲದ ಹಿಂದೆ ಓಡುವಾಗಲೂ ಕೇಳುತ್ತದೆಂದು ತಿಳಿಯಬೇಡಿ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚಿತ್ರದ ಅಂಚೆಚೀಟಿ ತಂದಿತು. ನಮಗೆಲ್ಲ ಹೆಮ್ಮೆಯೇ. ಆದರೆ ಹೂವಾಡಿದ ಕಡ್ಲಿ ತುಳಿಯಲು ಅದೇನೂ ರಹದಾರಿ ಅಲ್ಲ.

ಇನ್ನು ಉರುಳು. ಹಂದಿ ಬೇಲಿ ಹಾರುವುದಿಲ್ಲ, ಕಂಡಿಯಲ್ಲಿ ನುಸುಳುತ್ತದೆ. ಒಮ್ಮೆ ನುಸುಳಿದ ಕಂಡಿಯಲ್ಲೇ ಮತ್ತೆ ಮತ್ತೆ ಬರುತ್ತದೆ. ಉರುಳಿನವನು ಹೆಜ್ಜೆ ನೋಡಿ ಬೈಕಿನ ಕ್ಲಚ್ ವಾಯರು ಕಟ್ಟುವುದು ಅದೇ ಕಂಡಿಗೆ. ಮೊಲ ತಪ್ಪಿಸಿಕೊಳ್ಳಲು ನುಗ್ಗುವುದೂ ಅದೇ ಕಂಡಿಗೆ, ಬೆನ್ನುಹತ್ತಿದ ನಾಯಿ ನುಗ್ಗುವುದೂ ಅಲ್ಲಿಗೇ. ಮೊಲ ಸಣ್ಣದು, ಪಾರಾಗುತ್ತದೆ. ನಾಯಿ ಸಿಕ್ಕಿಬೀಳುತ್ತದೆ. ನಾಯಿಯವನು "ಹಗೆ ಸಾಧಿಸಾಕ ನನ್ನ ನಾಯಿಗೇ ಕಟ್ಟ್ಯಾನ" ಎನ್ನುತ್ತಾನೆ. ಬಹಳ ಸಲ ಹಾಗಿರುವುದಿಲ್ಲ. ಜಗಳದಲ್ಲಿದ್ದವರನ್ನು ಕಂಡಿಯ ಹತ್ತಿರ ಕರೆದುಕೊಂಡು ಹೋಗಿ ಹೆಜ್ಜೆ ತೋರಿಸಿದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಕಟ್ಟೆಯ ಮೇಲೆ ಕುಳಿತು ಮಾತಾಡಿದರೆ ಇಳಿಯುವುದಿಲ್ಲ. ಅಲ್ಲಿ ನೋಡುವ ಮಂದಿ ಜಾಸ್ತಿ.

ಸಿಕ್ಕ ನಾಯಿ ಜೀವಂತ ಇದ್ದರೆ ಬಿಡಿಸುವುದು ಹೀಗೆ. ನೋವಿನಲ್ಲಿರುವ ನಾಯಿ ಸಾಕಿದವನನ್ನೂ ಕಚ್ಚುತ್ತದೆ. ಮೊದಲು ಗೋಣಿತಾಟು ಇಲ್ಲವೇ ಕಂಬಳಿ ತಲೆಯ ಮೇಲೆ ಹಾಕಿ. ತಂತಿ ಕೊರಳಿಗೆ ಬಿದ್ದಿದ್ದರೆ ಬಾಯಿ ಕಟ್ಟಬೇಡಿ, ಉಸಿರು ನಿಲ್ಲುತ್ತದೆ. ನಾಯಿಯನ್ನು ನಮ್ಮ ಕಡೆ ಎಳೆಯಬಾರದು, ತಂತಿ ಕಟ್ಟಿದ ಗೂಟದ ಕಡೆಗೆ ದೂಡಬೇಕು. ಆಗ ತಂತಿ ಸಡಿಲಾಗುತ್ತದೆ. ಕ್ಲಚ್ ವಾಯರು ಕುಡಗೋಲಿಗೆ ಕಡಿಯುವುದಿಲ್ಲ, ಕಟಿಂಗ್ ಪ್ಲೇಯರ್ ಬೇಕು. ಸೊಂಟಕ್ಕೆ ತಂತಿ ಬಿದ್ದ ನಾಯಿ ಬಿಡಿಸಿದ ಕೂಡಲೇ ಏನೂ ಆಗಿಲ್ಲವೆಂಬಂತೆ ಓಡಾಡುತ್ತದೆ. ಆದರೆ ರಕ್ತ ನಿಂತ ಜಾಗದ ತೊಗಲು ದಿನ ಕಳೆದ ಮೇಲೆ ಕೊಳೆಯತೊಡಗುತ್ತದೆ. ಅದೇ ದಿನ ಪಶು ವೈದ್ಯರಿಗೆ ತೋರಿಸಿ. ಉರುಳಿನಲ್ಲಿ ಚಿರತೆಯೋ ತೋಳವೋ ಸಿಕ್ಕಿದ್ದರೆ ಹತ್ತಿರ ಹೋಗಬೇಡಿ, ಮಂದಿ ಸೇರಿಸಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ನಮ್ಮಲ್ಲಿ ಒಂದು ರಾಜಿ ಆದದ್ದನ್ನು ಹೇಳುತ್ತೇನೆ. ನನ್ನ ಮೂಡಣ ಬದುವಿನವನು ಶೇಂಗಾ ಹಾಕುತ್ತಾನೆ, ಹಂದಿ ಕಾಟಕ್ಕೆ ಉರುಳು ಕಟ್ಟುತ್ತಿದ್ದ. ಪಡುವಣ ಬದುವಿನವನದು ಮೂರು ನಾಯಿ. ಒಂದು ನಾಯಿ ಉರುಳಿಗೆ ಸತ್ತಿತು. ಎಂಟು ದಿನಕ್ಕೆ ಶೇಂಗಾ ಹೊಲದ ಹುಲಗಲ ಬೇಲಿಯನ್ನು ಯಾರೋ ಕಿತ್ತು ಬಿಸಾಡಿದ್ದರು. ಯಾರೋ ಏನು, ಎಲ್ಲರಿಗೂ ಗೊತ್ತು. ನಾವು ಮೂರು ಜನ ಹಿರಿಯರು ಇಬ್ಬರನ್ನೂ ಕೂರಿಸಿದೆವು. "ನಿನ್ನ ನಾಯಿ ನನ್ನ ಹೊಲಕ್ಕ ಯಾಕ ಬಂತು?" ಎಂದು ಒಬ್ಬ, "ನಿನ್ನ ತಂತಿ ನನ್ನ ನಾಯಿ ಕೊಳ್ಳಿಗೆ ಯಾಕ ಬಂತು?" ಎಂದು ಇನ್ನೊಬ್ಬ. ಇದೇ ಮಾತು ಒಂದು ತಾಸು ನಡೆಯಿತು. ಕಡೆಗೆ ನಮ್ಮಲ್ಲಿ ಹಿರಿಯರಾದ ಕಾಕಾ ಒಬ್ಬರು ಕೇಳಿದರು: "ತಮ್ಮಾ, ನಿನಗ ಹಂದಿ ಬರಬಾರದು, ಹೌದಲ್ಲೊ? ಇವನಿಗೆ ನಾಯಿ ಸಾಯಬಾರದು. ಇದರಾಗ ಜಗಳ ಎಲ್ಲೈತಿ?"

ಅಲ್ಲಿಂದ ದಾರಿ ಸಿಕ್ಕಿತು. ಶೇಂಗಾ ಕಾಯಿ ಕಟ್ಟಿದಾಗಿನಿಂದ ಕೀಳುವ ತನಕ ರಾತ್ರಿ ಕಾವಲಿಗೆ ನಾಯಿಯವನು ಎರಡು ನಾಯಿ ಕೊಡುವುದು, ಉರುಳಿನವನು ಎಲ್ಲ ತಂತಿ ಬಿಚ್ಚಿ ತಂದು ಹಿರಿಯರ ಮುಂದೆ ಹಾಕುವುದು. ನಾಯಿಯ ಕೂಳಿಗೆ ಅವನೇ ಜ್ವಾಳ ಕೊಡುವುದು. ಸತ್ತ ನಾಯಿಗೆ ದುಡ್ಡಿನ ಮಾತು ಬಂದಿತ್ತು, ಬೇಲಿಯ ಖರ್ಚಿಗೆ ಅದನ್ನು ವಜಾ ಹಾಕಿದೆವು. ಇದು ಪೂರಾ ನ್ಯಾಯವೋ ಅಲ್ಲವೋ ಬೇರೆ ಮಾತು, ಇಬ್ಬರೂ ಒಪ್ಪಿದರು.

ಕಾವಲಿಗೆ ನಾಯಿಯನ್ನು ಸುಮ್ಮನೆ ಬಿಡುವುದಲ್ಲ. ಬಿಟ್ಟ ನಾಯಿ ಹಂದಿಯ ಮೇಲೆ ಬಿದ್ದರೆ ಕೋರೆಹಲ್ಲಿಗೆ ಹೊಟ್ಟೆ ಸೀಳಿಸಿಕೊಳ್ಳುತ್ತದೆ. ಹಂದಿ ಬರುವ ಕಡೆ, ಬೇಲಿಯಿಂದ ಹತ್ತಿಪ್ಪತ್ತು ಹೆಜ್ಜೆ ಒಳಗೆ, ಎರಡು ಗಟ್ಟಿ ಗೂಟದ ನಡುವೆ ಉದ್ದಕ್ಕೆ ತಂತಿ ಬಿಗಿದು ಅದಕ್ಕೊಂದು ಕಬ್ಬಿಣದ ಬಳೆ ಪೋಣಿಸಿ, ಬಳೆಗೆ ನಾಯಿಯ ಸರಪಳಿ ಹಾಕುವುದು. ನಾಯಿ ತಂತಿಯ ಉದ್ದಕ್ಕೂ ಓಡಾಡುತ್ತದೆ, ಬೊಗಳುತ್ತದೆ, ಬೆಳೆ ತುಳಿಯುವುದಿಲ್ಲ. ಸರಪಳಿ ಗೂಟಕ್ಕೆ ಸುತ್ತಿಕೊಳ್ಳದಂತೆ ಎರಡೂ ತುದಿಗೆ ಮೂರು ಮೊಳ ಬಿಟ್ಟು ತಂತಿಗೆ ಗಂಟು ಹಾಕಿರಬೇಕು. ಚಿರತೆಯ ಸುದ್ದಿ ಇದ್ದಾಗ ನಾಯಿಯನ್ನು ಹೀಗೆ ಒಂಟಿಯಾಗಿ ಕಟ್ಟಬೇಡಿ. ಗುಡಿಸಲ ಹತ್ತಿರ ಬೆಳಕಿನಲ್ಲಿ ಇರಲಿ, ಕುರಿಗಾರರು ಹಾಕುವ ಮುಳ್ಳಿನ ಪಟ್ಟಿ ಕೊರಳಲ್ಲಿರಲಿ. ಬೊಗಳುವುದರಲ್ಲಿ ಮುಧೋಳಕ್ಕಿಂತ ಊರನಾಯಿಯೇ ಮೇಲು. ಇದನ್ನು ಹೇಳಿದರೆ ನಾಯಿಯವರಿಗೆ ಸಿಟ್ಟು ಬರುತ್ತದೆ. ಹಂದಿ ಪೂರಾ ನಿಲ್ಲುತ್ತದೆ ಎನ್ನಲಾರೆ, ಆದರೆ ನಮ್ಮಲ್ಲಿ ಕಾಟ ಬಹಳ ಇಳಿದಿದೆ.

ನಾಯಿ ಇಟ್ಟವರಿಗೆ ಊರಿನವರು ಹಾಕಿದ ಕರಾರೂ ಇವೆ. ಬಿತ್ತಿದಾಗಿನಿಂದ ಹಿಂಗಾರಿ ರಾಶಿ ಮುಗಿಯುವ ತನಕ ಊರ ಹೊರಗೆ ನಾಯಿಗೆ ಹಗ್ಗ ಇರಬೇಕು. ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಲೇಬೇಕು. ಜಂತಿನ ಔಷಧಿ ಮೂರು ತಿಂಗಳಿಗೊಮ್ಮೆ. ಈ ಕೊನೆಯದು ಕುರಿಗಾರರು ಕೇಳಿದ್ದು. ಕುರಿ ತಲೆ ಓರೆ ಮಾಡಿ ಒಂದೇ ಕಡೆ ಗಿರ್ರನೆ ತಿರುಗಿ ಸಾಯುವುದನ್ನು ನೋಡಿರುತ್ತೀರಿ. ಅದಕ್ಕೆ ಒಂದು ಕಾರಣ ನಾಯಿಯ ಹೊಟ್ಟೆಯಲ್ಲಿರುವ ಲಾಡಿಹುಳ. ಅದರ ತತ್ತಿ ನಾಯಿಯ ಹೇಲಿನಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ ಹೋಗಿ ಮಿದುಳಿನಲ್ಲಿ ನೀರುಗುಳ್ಳೆ ಆಗುತ್ತದೆ. ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆದರೆ ಹುಳ ಮತ್ತೆ ನಾಯಿಯ ಹೊಟ್ಟೆ ಸೇರುತ್ತದೆ. ಹಾಗಾಗಿ ಕುರಿಗಾರರಿಗೂ ಒಂದು ಕರಾರು: ತಲೆಯನ್ನು ಆಳಕ್ಕೆ ಹುಗಿಯಬೇಕು.

ರಾಜಿ ಇಲ್ಲದ ಸಂಗತಿ ಮೂರು ಇವೆ. ಸಿಡಿಮದ್ದಿನ ಉಂಡೆ, ಬೇಲಿಗೆ ನೇರ ಕರೆಂಟು, ವಿಷ. ಸಿಡಿಮದ್ದು ಹಂದಿಗೆಂದು ಇಟ್ಟರೂ ಎಮ್ಮೆಯ ದವಡೆ ಒಡೆಯುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದಲ್ಲಿ ಗಬ್ಬದ ಆನೆ ಸತ್ತದ್ದು ಸಿಡಿಮದ್ದು ತುಂಬಿದ ಕಾಯಿ ಕಚ್ಚಿದ್ದರಿಂದಲೇ. ಕರೆಂಟಿನ ತಂತಿಗೆ ಅರ್ಧರಾತ್ರಿ ನೀರು ತಿರುವಲು ಹೋದ ಮನುಷ್ಯನೂ ಸಿಗುತ್ತಾನೆ. ಝಟಕಾ ಕೊಡುವ ಸೋಲಾರ್ ಬೇಲಿ ಬೇರೆ, ಅದನ್ನು ಇದರ ಜೊತೆ ಸೇರಿಸಬೇಡಿ. ನಾಯಿಗೆ ವಿಷ ಹಾಕಿದರೆ ಯಾರೂ ಕೇಳುವುದಿಲ್ಲ ಎಂಬುದೂ ಸುಳ್ಳು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಪ್ರಾಣಿಯನ್ನು ಕೊಂದವರಿಗೆ ಐದು ವರ್ಷದ ತನಕ ಶಿಕ್ಷೆ ಇದೆ. ನಾಯಿಯನ್ನು ಹತೋಟಿಯಲ್ಲಿ ಇಡದವರಿಗೂ 291ನೇ ಕಲಮು ಇದೆ. ಹಂದಿ ತಿಂದ ಬೆಳೆಗೆ ಅರಣ್ಯ ಇಲಾಖೆಯಲ್ಲಿ ಪರಿಹಾರ ಕೇಳಲು ಬರುತ್ತದೆ. ಫೋಟೋ ತೆಗೆದು, ಪಹಣಿ ಹಚ್ಚಿ ಬೇಗ ಅರ್ಜಿ ಕೊಡಿ. ಕಾಟ ಮಿತಿ ಮೀರಿದರೆ ಇಲಾಖೆಯ ಅಧಿಕಾರಿಗಳೇ ಬರವಣಿಗೆಯಲ್ಲಿ ಅಪ್ಪಣೆ ಕೊಡಲು ಕಾಯ್ದೆಯ 11ನೇ ಕಲಮಿನಲ್ಲಿ ಅವಕಾಶವಿದೆ. ಅಪ್ಪಣೆ ಇಲ್ಲದೆ ಕೈ ಹಾಕಬೇಡಿ.

ನಮ್ಮಲ್ಲಿ ಇನ್ನೂ ಬಗೆಹರಿಯದೆ ಉಳಿದದ್ದು ಹೊರಗಿನವರದು. ಹೋಳಿಹುಣ್ಣಿವಿ, ಯುಗಾದಿ ಹೊತ್ತಿಗೆ ಎಲ್ಲಿಂದಲೋ ಬೈಕಿನ ಮೇಲೆ ನಾಯಿ ಕೂರಿಸಿಕೊಂಡು ಬರುತ್ತಾರೆ. ಅವರಿಗೆ ನಮ್ಮ ಕರಾರು ಗೊತ್ತಿಲ್ಲ, ನಮಗೆ ಅವರ ಹೆಸರು ಗೊತ್ತಿಲ್ಲ. ಅವರು ಮಾಡಿದ ಹಾನಿಗೆ ಪಡುವಣ ಬದುವಿನವನೇ ಬೈಸಿಕೊಳ್ಳುತ್ತಾನೆ. ಈ ಸಲ ಹೋಳಿಗೆ ಮೊದಲೇ ಸುತ್ತಲಿನ ಊರಿನ ಹಿರಿಯರನ್ನೂ ಅರಣ್ಯ ಇಲಾಖೆಯ ಗಾರ್ಡನ್ನೂ ಕರೆದು ಕೂರಬೇಕೆಂದು ಮಾತಾಗಿದೆ. ನಿಮ್ಮ ಕಡೆ ಇದಕ್ಕೆ ಏನು ಮಾಡಿದ್ದೀರಿ, ಪತ್ರಿಕೆಗೆ ಬರೆಯಿರಿ.