ತರುಣ ಸಂಶೋಧಕರೂ ಜನರ ಮಾತೂ: ಮೌನಕಣಿವೆಯಿಂದ ವಯನಾಡಿನವರೆಗೆ

ನಕ್ಷತ್ರದ ದೂರವನ್ನು ಅಳೆದವನು ಅದನ್ನು ನೆರೆಮನೆಯವರಿಗೆ ತಿಳಿಸದೆ ಹೋದರೂ ನಕ್ಷತ್ರಕ್ಕೆ ಕೇಡಿಲ್ಲ, ನೆರೆಮನೆಗೂ ಕೇಡಿಲ್ಲ. ಆದರೆ ಎಷ್ಟು ಮಳೆ ಬಿದ್ದರೆ ಬೆಟ್ಟದ ಮಣ್ಣು ಜಾರೀತೆಂಬುದನ್ನು ಅರಿತವನು ಬೆಟ್ಟದ ಬುಡದಲ್ಲಿ ಮಲಗುವವರಿಗೆ ಅದನ್ನು ತಿಳಿಸದಿದ್ದರೆ ಆ ಅರಿವಿನಿಂದ ಪ್ರಯೋಜನವೇನು? ಕಾಡು, ಹೊಳೆ, ಮಳೆ, ಮಣ್ಣುಗಳನ್ನು ಕುರಿತ ಶಾಸ್ತ್ರಕ್ಕೆ ಈ ಹೊಣೆ ಹುಟ್ಟಿನಿಂದಲೇ ಅಂಟಿಕೊಂಡಿದೆ. ಅದನ್ನು ಹೊತ್ತವರಲ್ಲಿ ಬಹುಮಂದಿ ತರುಣ ಸಂಶೋಧಕರು. ಅವರ ಮಾತನ್ನು ಊರಿಗೆ ಮುಟ್ಟಿಸಿದವರಲ್ಲಿ ಬಹುಮಂದಿ ಅಧ್ಯಾಪಕರು. ಕಾಸರಗೋಡು, ವಯನಾಡುಗಳನ್ನೊಳಗೊಂಡ ಕೇರಳದಲ್ಲಿ ಕಳೆದ ಅರ್ಧ ಶತಮಾನದೊಳಗೆ ನಡೆದ ಮೂರು ಪ್ರಸಂಗಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿಚಾರಿಸೋಣ.

ಮೌನಕಣಿವೆ

ಪಾಲಕ್ಕಾಡು ಜಿಲ್ಲೆಯಲ್ಲಿ, ನೀಲಗಿರಿಯ ನೈಋತ್ಯದ ಅಂಚಿನಲ್ಲಿ ಸೈಲೆಂಟ್ ವ್ಯಾಲಿ, ಎಂದರೆ ಮೌನಕಣಿವೆ, ಎಂಬ ನಿತ್ಯಹರಿದ್ವರ್ಣದ ಕಾಡಿದೆ. ಅಲ್ಲಿ ಹರಿಯುವ ಕುಂತಿಪ್ಪುಳ ಹೊಳೆಗೆ ಅಣೆಕಟ್ಟನ್ನು ಕಟ್ಟಿ ವಿದ್ಯುತ್ತನ್ನು ಪಡೆಯುವ ಯೋಜನೆಗೆ 1973ರಲ್ಲಿ ಯೋಜನಾ ಆಯೋಗದ ಒಪ್ಪಿಗೆ ದೊರೆಯಿತು. ಮೊದಲಿಗೆ ಬರಬೇಕಾದ ವಿದ್ಯುತ್ತು 120 ಮೆಗಾವಾಟ್. ಮುಳುಗಬೇಕಾದ ಕಾಡು ಸುಮಾರು 830 ಹೆಕ್ಟೇರು. 1976ರಲ್ಲಿ ಜಾಫರ್ ಫತೇಹಲ್ಲಿಯವರ ಮುಂದಾಳ್ತನದ ಒಂದು ತಜ್ಞತಂಡವು ಇದನ್ನು ಪರಿಶೀಲಿಸಿ, ಯೋಜನೆಯನ್ನು ಕೈಬಿಡುವುದೇ ಮೇಲೆಂದೂ, ಬಿಡಲಾಗದಿದ್ದರೆ 17 ರಕ್ಷಣಾಕ್ರಮಗಳನ್ನು ಪಾಲಿಸಬೇಕೆಂದೂ ಹೇಳಿತು. ರಾಜ್ಯ ಸರಕಾರವು ಎರಡನೆಯ ಮಾತನ್ನು ಹಿಡಿದುಕೊಂಡಿತು. ಕಚೇರಿಯಿಂದ ಕಚೇರಿಗೆ ಮಾತ್ರ ಸಾಗುವ ವರದಿಯನ್ನು ಕಚೇರಿಗೆ ಬೇಕಾದಂತೆಯೇ ಓದಲು ಬರುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಆಗ ವಿಷಯವನ್ನು ಜನರ ಮುಂದಿಟ್ಟ ಸಂಸ್ಥೆಗಳಲ್ಲಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಮುಖ್ಯವಾದುದು. ಮಲಯಾಳದಲ್ಲಿ ವಿಜ್ಞಾನವನ್ನು ಬರೆಯಬೇಕೆಂಬ ಹಂಬಲದಿಂದ 1962ರಲ್ಲಿ ಕೋಳಿಕ್ಕೋಡಿನಲ್ಲಿ ಹುಟ್ಟಿದ ಈ ಪರಿಷತ್ತಿನಲ್ಲಿ ಶಾಲಾ ಕಾಲೇಜುಗಳ ಅಧ್ಯಾಪಕರು ದೊಡ್ಡ ಸಂಖ್ಯೆಯಲ್ಲಿದ್ದರು. ಸಸ್ಯಶಾಸ್ತ್ರದ ಅಧ್ಯಾಪಕ ಎಂ. ಕೆ. ಪ್ರಸಾದರು, ಕಾಡನ್ನು ಕಣ್ಣಾರೆ ಕಂಡುಬಂದ ಸತೀಶ್ ಚಂದ್ರನ್ ನಾಯರ್ ಅವರಂಥ ತರುಣರು ಊರೂರಿಗೆ ಹೋಗಿ ಮಾತನಾಡಿದರು. 1979ರಲ್ಲಿ ಪರಿಷತ್ತು ಒಂದು ವರದಿಯನ್ನು ಹೊರತಂದಿತು. ಅದನ್ನು ಬರೆದವರಲ್ಲಿ ಪ್ರಸಾದರೊಡನೆ ಇಂಜಿನಿಯರ್ ಎಂ. ಪಿ. ಪರಮೇಶ್ವರನ್ ಅವರೂ ಆಗಿನ್ನೂ ತರುಣ ಅರ್ಥಶಾಸ್ತ್ರಜ್ಞರಾಗಿದ್ದ ಕೆ. ಪಿ. ಕಣ್ಣನ್ ಅವರೂ ಇದ್ದರು.

ಅಂದು ಜನರ ಬಾಯಲ್ಲಿದ್ದ ಪ್ರಶ್ನೆ ಸರಳವಾದುದು: ಕೋತಿ ದೊಡ್ಡದೋ ಮನುಷ್ಯ ದೊಡ್ಡವನೋ? ಮಲಬಾರಿನ ಮನೆಗಳಿಗೆ ದೀಪ ಬೇಡವೇ? ಈ ಪ್ರಶ್ನೆಯನ್ನು ಅಜ್ಞಾನದ ಮಾತೆಂದು ತಳ್ಳಿದ್ದರೆ ಸಂಶೋಧಕರು ಅಲ್ಲಿಯೇ ಸೋಲುತ್ತಿದ್ದರು. ಅವರು ಮೊದಲು ದೀಪದ ಮಾತನ್ನೇ ಎತ್ತಿಕೊಂಡರು. ಆ ಕಾಲಕ್ಕೆ ಕೇರಳವು ನೆರೆರಾಜ್ಯಗಳಿಗೆ ವಿದ್ಯುತ್ತನ್ನು ಮಾರುತ್ತಿತ್ತು. ಮಲಬಾರಿನ ಕೊರತೆಗೆ ಸಾಕಷ್ಟು ತಂತಿಮಾರ್ಗಗಳಿಲ್ಲದುದೂ ಕಾರಣವಾಗಿತ್ತು. ಇದನ್ನು ಅಂಕೆಸಂಖ್ಯೆಗಳೊಡನೆ ವಿವರಿಸಿ, ಬೇರೆ ದಾರಿಗಳಾವುವೆಂಬುದನ್ನೂ ಹೇಳಿದ ಮೇಲೆ ಕಾಡಿನ ಮಾತಿಗೆ ಕಿವಿ ದೊರೆಯಿತು.

ಕಾಡಿನ ಮಾತನ್ನು ಹೇಳುವುದು ಇನ್ನೂ ಕಠಿನ. ಮುಳುಗುವುದು ಸುಮಾರು ಹತ್ತರಲ್ಲೊಂದು ಪಾಲು ತಾನೆ ಎಂಬ ವಾದವಿತ್ತು. ಸಿಂಗಳೀಕವು ಹೆಚ್ಚು ಕಾಲ ಮರದ ತುದಿಯಲ್ಲಿಯೇ ಬಾಳುವ ಪ್ರಾಣಿ. ಹಣ್ಣು, ಹುಳುಗಳು ಅದರ ಮುಖ್ಯ ಆಹಾರ. ವರ್ಷದ ಎಲ್ಲ ತಿಂಗಳೂ ಒಂದಲ್ಲ ಒಂದು ಮರದಲ್ಲಿ ಹಣ್ಣಿರಬೇಕಾದರೆ ಬಗೆಬಗೆಯ ಮರಗಳುಳ್ಳ ವಿಸ್ತಾರವಾದ, ಎಡೆಬಿಡದ ಕಾಡು ಬೇಕು. ಕಣಿವೆಯ ತಳದಲ್ಲಿ ನೀರು ನಿಂತರೆ ಮರಗಳ ಸಂಪರ್ಕ ಕಡಿದು ಗುಂಪುಗಳು ಬೇರೆಯಾಗುತ್ತವೆ. ಜತೆಗೆ ರಸ್ತೆ, ಕೆಲಸಗಾರರ ಬಿಡಾರ, ಬೆಂಕಿಗಳು ಉಳಿದ ಒಂಬತ್ತು ಪಾಲನ್ನೂ ಮುಟ್ಟುತ್ತವೆ. ಹೊಳೆಯ ಅಂಚಿನ ಪಾಲು ವಿಸ್ತೀರ್ಣದಲ್ಲಿ ಹತ್ತನೆಯದು, ಮಹತ್ತ್ವದಲ್ಲಿ ಮೊದಲನೆಯದು. ಹೀಗೆ ಹೇಳಿದರೆ ಐದನೆಯ ತರಗತಿಯ ಬಾಲಕನಿಗೂ ತಿಳಿದೀತು.

ವಿಜ್ಞಾನವೊಂದೇ ಗೆದ್ದಿತೆನ್ನುವುದು ಅತಿಶಯೋಕ್ತಿಯಾದೀತು. ಕವಯಿತ್ರಿ ಸುಗತಕುಮಾರಿಯವರಂಥ ಸಾಹಿತಿಗಳೂ ದನಿಗೂಡಿಸಿದರು; ಪರಿಷತ್ತಿನೊಳಗೂ ಭಿನ್ನಮತವಿತ್ತು; ಕೊನೆಯ ನಿರ್ಧಾರವು ರಾಜಕೀಯದ್ದಾಗಿತ್ತು. 1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು; 1984ರ ನವೆಂಬರ್ 15ರಂದು ಮೌನಕಣಿವೆಯು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಮರುವರ್ಷದ ಮರುವರ್ಷ, 1986ರಲ್ಲಿ, ಅದು ವಯನಾಡು, ಮುದುಮಲೆ, ಬಂಡೀಪುರ, ನಾಗರಹೊಳೆಗಳ ಕಾಡುಗಳೊಡನೆ ನೀಲಗಿರಿ ಜೀವಗೋಳ ಮೀಸಲು ಪ್ರದೇಶದ ಅಂಗವಾಯಿತು. ಕಾಡಿಗೆ ರಾಜ್ಯಗಳ ಗಡಿಯಿಲ್ಲವೆಂಬುದನ್ನು ಗಡಿನಾಡಿನವರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ.

ವರದಿಯೂ ವದಂತಿಯೂ

ಎರಡನೆಯ ಪ್ರಸಂಗವು ಇದಕ್ಕೆ ವಿರುದ್ಧವಾದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞಮಂಡಲಿಯು 2011ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಅದು ಸಾರ್ವಜನಿಕರ ಕೈಗೆ ಬಂದುದು ಮರುವರ್ಷ, ಬಂದುದು ಇಂಗ್ಲಿಷಿನಲ್ಲಿ. ಘಟ್ಟಪ್ರದೇಶವನ್ನು ಸೂಕ್ಷ್ಮತೆಗೆ ತಕ್ಕಂತೆ ಮೂರು ವಲಯಗಳಾಗಿ ವಿಂಗಡಿಸಿದ ಆ ವರದಿಯು, ಕೊನೆಯ ತೀರ್ಮಾನದಲ್ಲಿ ಗ್ರಾಮಸಭೆಗಳ ಮಾತಿಗೆ ಬೆಲೆಯಿರಬೇಕೆಂದಿತ್ತು. ವಿಪರ್ಯಾಸವೆಂದರೆ, ಆ ಗ್ರಾಮಗಳಿಗೆ ಮೊದಲು ತಲಪಿದುದು ವರದಿಯಲ್ಲ, ವದಂತಿ. ಮನೆಮಠಗಳನ್ನು ಬಿಟ್ಟು ಏಳಬೇಕಾಗುತ್ತದೆಂಬ ಭಯ ಇಡುಕ್ಕಿ, ವಯನಾಡುಗಳ ಕೃಷಿಕರಲ್ಲಿ ಹರಡಿತು. ಹಿಂದೆಯೇ ಬಂದ ಕಸ್ತೂರಿರಂಗನ್ ಸಮಿತಿಯ ವರದಿಯನ್ನು ಜಾರಿಗೆ ತರಲು ಹೊರಟಾಗ, 2013ರಲ್ಲಿ, ಹರತಾಳಗಳು ನಡೆದವು. ಕೃಷಿಕರ ಸಂಶಯಗಳೆಲ್ಲವೂ ಹುರುಳಿಲ್ಲದವಲ್ಲ. ಭೂಮಿಯ ಹಕ್ಕನ್ನು ಕುರಿತು ಅವರು ಕೇಳಿದ ಪ್ರಶ್ನೆಗಳು ನ್ಯಾಯವಾದವು. ಆದರೆ ಅವರೆದುರು ಕುಳಿತು, ಅವರ ಮಾತಿನಲ್ಲಿ ಉತ್ತರ ಹೇಳುವವರು ಸಕಾಲದಲ್ಲಿ ಸಾಕಷ್ಟು ಮಂದಿ ಇರಲಿಲ್ಲ. ಶಾಸ್ತ್ರವು ಬಿಟ್ಟ ತೆರವನ್ನು ಭಯವು ತುಂಬಿತು.

ಮಳೆಯನ್ನು ಅಳೆಯುವವರು

ಮೂರನೆಯ ಪ್ರಸಂಗ ವಯನಾಡಿನದು. ಕಲ್ಪೆಟ್ಟದ ಹ್ಯೂಮ್ ಪರಿಸರ ಮತ್ತು ವನ್ಯಜೀವಿ ಅಧ್ಯಯನ ಕೇಂದ್ರದವರು ಜಿಲ್ಲೆಯಲ್ಲಿ ಇನ್ನೂರಕ್ಕೂ ಹೆಚ್ಚು ಮಳೆಮಾಪಕಗಳ ಜಾಲವನ್ನು ಹರಡಿದರು. ಊರವರು, ತೋಟದವರು ದಿನದಿನದ ಅಳತೆಯನ್ನು ನೋಡಿ ತಿಳಿಸುತ್ತಾರೆ. ಸಂಶೋಧಕರು ಅದನ್ನು ಕೂಡಿಸಿ, ಯಾವ ಬೆಟ್ಟದಲ್ಲಿ ಅಪಾಯವಿದೆಯೆಂಬುದನ್ನು ಮರಳಿ ಜನರಿಗೂ ಅಧಿಕಾರಿಗಳಿಗೂ ಹೇಳುತ್ತಾರೆ. ಒಂದು ಕಣಿವೆಯಲ್ಲಿ ಕುಂಭದ್ರೋಣ ಮಳೆ, ಪಕ್ಕದ ಕಣಿವೆಯಲ್ಲಿ ಬರಿಯ ಸೋನೆ, ಇದು ಘಟ್ಟದ ಸ್ವಭಾವ. ಜಿಲ್ಲೆಯ ಸರಾಸರಿಯೊಂದರಿಂದ ಯಾರ ಜೀವವೂ ಉಳಿಯದು. 2020ರಲ್ಲಿ ಮುಂಡಕ್ಕೈಯಲ್ಲಿ ಮುನ್ಸೂಚನೆಯಂತೆ ಜನರನ್ನು ಮೊದಲೇ ತೆರವುಗೊಳಿಸಿದ್ದರಿಂದ ಗುಡ್ಡ ಜರಿದರೂ ಪ್ರಾಣಹಾನಿ ತಪ್ಪಿತು.

2024ರ ಜುಲೈ 30ರ ನಸುಕಿನಲ್ಲಿ ಅದೇ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಮಹಾದುರಂತ ಸಂಭವಿಸಿತು. 250ಕ್ಕೂ ಹೆಚ್ಚು ಮಂದಿ ಮಡಿದರು. ಹಿಂದಿನ ದಿನವೇ ಕೇಂದ್ರದವರು ಎಚ್ಚರಿಕೆಯನ್ನು ನೀಡಿದ್ದರು. ಸೂಚನೆ ಹುಟ್ಟಿತ್ತು, ಮಲಗಿದ್ದ ಮನೆಗಳಿಗೆಲ್ಲ ಅದು ತಲಪಿರಲಿಲ್ಲ.

ಆ 48 ಗಂಟೆಗಳಲ್ಲಿ ಸುರಿದ ಮಳೆ 572 ಮಿಲಿಮೀಟರೆಂದು ಸರಕಾರ ತಿಳಿಸಿತು. ಈ ಅಂಕೆಯನ್ನು ಕೇಳಿದವನಿಗೆ ಏನು ತೋಚೀತು? ಒಂದು ಚದರ ಮೀಟರು ನೆಲಕ್ಕೆ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು ನೀರು. ಹಾಗೆ ಲೆಕ್ಕ ಹಾಕಿದರೆ ಒಂದು ಎಕರೆ ಇಳಿಜಾರಿನ ಮೇಲೆ ಎರಡು ದಿನಗಳಲ್ಲಿ ಸುಮಾರು 23 ಲಕ್ಷ ಲೀಟರು ನೀರು ಬಿದ್ದಂತಾಯಿತು. ಮೊದಲೇ ನೆನೆದ ಮಣ್ಣು ಅದನ್ನು ಹೀರಲಾರದು. ಮಣ್ಣಿನ ಕಣಗಳ ನಡುವೆ ತುಂಬಿದ ನೀರು ಅವುಗಳ ಹಿಡಿತವನ್ನು ಸಡಿಲಿಸುತ್ತದೆ. ಕೆಳಗಿನ ಬಂಡೆಯ ಮೇಲಿಂದ ಗುಡ್ಡದ ಪಾರ್ಶ್ವವೇ ಜಾರುತ್ತದೆ. ಮಿಲಿಮೀಟರನ್ನು ಲೀಟರಿಗೆ, ಲೀಟರನ್ನು ಅಂಗಳಕ್ಕೆ ತರುವುದೇ ವಿಜ್ಞಾನವನ್ನು ಜನರಿಗೆ ಹೇಳುವ ಕಲೆ.

ಅಧ್ಯಾಪಕರ ಪಾಲು

ಈ ಮೂರರಿಂದ ತಿಳಿದುಬರುವುದಿಷ್ಟು: ಜನರ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕು, ಭಯ ಹರಡುವ ಮೊದಲೇ ಹೇಳಬೇಕು, ಜನರನ್ನು ಕೇಳುಗರನ್ನಾಗಿ ಮಾತ್ರವಲ್ಲದೆ ಅಳೆಯುವವರನ್ನಾಗಿಯೂ ಮಾಡಬೇಕು. ತಾನೇ ಬರೆದಿಟ್ಟ ಅಂಕೆಯನ್ನು ಯಾರೂ ಸುಲಭವಾಗಿ ಅಲಕ್ಷಿಸರು.

ಗಡಿನಾಡಿನ ಕನ್ನಡಿಗರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಸಂಶೋಧಕನ ಬರಹ ಇಂಗ್ಲಿಷಿನಲ್ಲಿ. ಅಧಿಕಾರಿಯ ಎಚ್ಚರಿಕೆ ರಾಜ್ಯಭಾಷೆಯಲ್ಲಿ. ಮನೆಯ ಮುದುಕಿಗೆ ತಿಳಿಯುವುದು ಕನ್ನಡ ಅಥವಾ ತುಳು. ಮಲಯಾಳದ ‘ಉರುಳ್ ಪೊಟ್ಟಲ್’ ಎಂದರೆ ನಮ್ಮಲ್ಲಿ ಗುಡ್ಡ ಜರಿಯುವುದೆಂದು ಆಕೆಗೆ ಮಳೆ ಬರುವ ಮೊದಲೇ ತಿಳಿದಿರಬೇಕು. ಎರಡು ಮೂರು ಭಾಷೆಗಳನ್ನು ಬಲ್ಲ ಅಧ್ಯಾಪಕನು ಇಲ್ಲಿ ಮಾಡಬಹುದಾದ ಸೇವೆಯನ್ನು ರಾಜಧಾನಿಯ ವಿದ್ವಾಂಸನು ಮಾಡಲಾರನು. ಪ್ರತಿ ಶಾಲೆಯ ಅಂಗಳದಲ್ಲೊಂದು ಮಳೆಮಾಪಕವಿರಲಿ; ಬೆಳಗ್ಗೆ ಎಂಟೂವರೆಗೆ ಮಕ್ಕಳು ಅಳೆದು ಕನ್ನಡದಲ್ಲಿ ಬರೆದಿಡಲಿ; ಹತ್ತಿರದ ತರುಣ ಸಂಶೋಧಕರನ್ನು ವರ್ಷಕ್ಕೊಮ್ಮೆಯಾದರೂ ಕರೆಸಿ ಆ ಲೆಕ್ಕವನ್ನು ತೋರಿಸಲಿ. ಅವರು ಹೇಳಿದುದನ್ನು ಮಕ್ಕಳು ಸಂಜೆ ಮನೆಯ ಜಗಲಿಯಲ್ಲಿ ಹೇಳಲಿ. ಹೆಚ್ಚು ವೆಚ್ಚವಿಲ್ಲದ ಈ ಕೆಲಸವನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಆರಂಭಿಸಬಹುದು.