ಬೈಕ್ ಸವಾರರಿಗೆ ಹೆಡ್‌ಸೆಟ್: ಕಿವಿ ಮೊದಲು ರಸ್ತೆಗೆ, ನಂತರ ಕರೆಗೆ

ಇಟಗಿ (ಗದಗ ಜಿಲ್ಲೆ): ಹೆಗಲಿಗೂ ಕಿವಿಗೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು, ಕತ್ತು ಓರೆ ಮಾಡಿ ಬೈಕ್ ಓಡಿಸುವವರು ಭೀಮಾಂಬಿಕಾ ದೇವಸ್ಥಾನದಿಂದ ಹೆಸರಾದ ಇಟಗಿಯ ಸುತ್ತಲಿನ ರಸ್ತೆಗಳಲ್ಲಿ ಅಪರೂಪವೇನಲ್ಲ. ಹೆಲ್ಮೆಟ್ ಧರಿಸಿದವರಲ್ಲಿಯೂ ಕೆಲವರು ಅದರೊಳಗೇ ಫೋನ್ ತುರುಕಿ ಮಾತು ಮುಂದುವರಿಸುತ್ತಾರೆ. ಪೇಟೆಯ ದರ ತಿಳಿಯಬೇಕಾದ ರೈತನಿಗಾಗಲಿ, ಗಿರಾಕಿಯ ಕರೆಗೆ ಕಾಯುವ ವ್ಯಾಪಾರಿಗಾಗಲಿ ಫೋನ್ ಬಂದ್ ಮಾಡಿ ಹೊರಡುವುದು ಸುಲಭವಲ್ಲ. ಇಂಥವರಿಗಾಗಿಯೇ ಹೆಲ್ಮೆಟ್‌ಗೆ ಅಳವಡಿಸುವ ಬ್ಲೂಟೂತ್ ಹೆಡ್‌ಸೆಟ್‌ಗಳು ಮಾರುಕಟ್ಟೆಯಲ್ಲಿವೆ. ಬೆಲೆ ಒಂದೆರಡು ಸಾವಿರ ರೂಪಾಯಿಯಿಂದ ಮೂವತ್ತು ಸಾವಿರ ದಾಟುವವರೆಗೂ ಇದೆ. ಆದರೆ ಯಾವುದನ್ನು ಕೊಳ್ಳಬೇಕು ಎನ್ನುವ ಮೊದಲು ಯಾತಕ್ಕಾಗಿ ಕೊಳ್ಳಬೇಕು ಎಂಬುದನ್ನು ನಿರ್ಧರಿಸುವುದು ಅಗತ್ಯ.

ಕಾನೂನು ಏನೆನ್ನುತ್ತದೆ?

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಂ, ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಬಳಕೆಯನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಮೊದಲ ತಪ್ಪಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮವು, ಗಮನಕ್ಕೆ ಭಂಗವಾಗದ ರೀತಿಯಲ್ಲಿ ದಾರಿ ನೋಡುವುದಕ್ಕೆ ಮಾತ್ರ ಇಂಥ ಸಾಧನ ಬಳಸಬಹುದೆಂದು ಹೇಳಿತು.

ಹೆಲ್ಮೆಟ್‌ನಲ್ಲಿ ಕುಳಿತ ಹೆಡ್‌ಸೆಟ್ ಕೈಯಲ್ಲಿ ಹಿಡಿಯುವ ಸಾಧನವಲ್ಲ, ನಿಜ. ಹಾಗೆಂದು ಅದು ಸವಾರನಿಗೆ ರಕ್ಷಾಪತ್ರವಾಗದು. ಮಾತಿನ ಗುಂಗಿನಲ್ಲಿ ಇತರರಿಗೆ ಅಪಾಯವಾಗುವಂತೆ ವಾಹನ ಓಡಿಸಿದರೆ ಅದೇ ಕಲಂ ಅನ್ವಯವಾಗುತ್ತದೆ.

ಕೈ ಬಿಡುವಾದರೂ ಮನಸ್ಸು ಬಿಡುವಾಗದು

ಕೈ ಖಾಲಿ ಇದ್ದರೆ ಅಪಾಯವಿಲ್ಲ ಎಂಬ ನಂಬಿಕೆ ಸರಿಯಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಹಾಗೂ ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋನ್ ಕೈಯಲ್ಲಿ ಹಿಡಿದು ಮಾತನಾಡಿದವರಿಗೂ ಹಿಡಿಯದೆ ಮಾತನಾಡಿದವರಿಗೂ ಗಮನ ತಪ್ಪುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚಾಲನೆ ವೇಳೆ ಫೋನ್ ಬಳಸುವವರು ಅಪಘಾತಕ್ಕೆ ಸಿಲುಕುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ.

ಲೆಕ್ಕ ಸರಳವಾಗಿದೆ. ಗಂಟೆಗೆ 60 ಕಿ.ಮೀ. ವೇಗದ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅರ್ಧ ನಿಮಿಷದ ಮಾತು ಮುಗಿಯುವಷ್ಟರಲ್ಲಿ ಅರ್ಧ ಕಿ.ಮೀ. ದಾರಿ ಕಳೆದಿರುತ್ತದೆ. ಆ ಅರ್ಧ ಕಿ.ಮೀ.ನಲ್ಲಿ ಕುರಿ ಹಿಂಡು ಅಡ್ಡ ಬರಬಹುದು. ದೀಪವಿಲ್ಲದ ಚಕ್ಕಡಿ ಎದುರಾಗಬಹುದು. ಸುಗ್ಗಿಯ ದಿನಗಳಲ್ಲಿ ರಸ್ತೆಯ ಮೇಲೆಯೇ ರಾಶಿ ಹರಡಿರಬಹುದು. ಆದ್ದರಿಂದ ಹೆಡ್‌ಸೆಟ್‌ನ ಸರಿಯಾದ ಬಳಕೆ ಎಂದರೆ ದಾರಿ ಹೇಳುವ ಧ್ವನಿಯನ್ನು ಕೇಳುವುದು ಹಾಗೂ 'ಗಾಡಿ ಮ್ಯಾಲ ಅದೀನ್ರಿ, ನಿಂತು ಫೋನ್ ಮಾಡ್ತೀನಿ' ಎಂಬ ಒಂದೇ ಮಾತಿನಲ್ಲಿ ಕರೆ ಮುಗಿಸುವುದು.

ಕಿವಿಯೊಳಗೆ ತುರುಕುವುದು ಬೇಡ

ಕಿವಿಯ ರಂಧ್ರ ಮುಚ್ಚುವ ಇಯರ್‌ಫೋನ್ ಹಿಂದಿನಿಂದ ಬರುವ ಟ್ರ್ಯಾಕ್ಟರ್, ಟಂಟಂಗಳ ಸದ್ದನ್ನೂ ಮುಚ್ಚುತ್ತದೆ. ಹೆಲ್ಮೆಟ್ ಹೆಡ್‌ಸೆಟ್‌ನ ಚಪ್ಪಟೆ ಸ್ಪೀಕರ್‌ಗಳು ಕಿವಿಯ ಹೊರಗೆ, ಒಳಪದರದ ಗುಳಿಯಲ್ಲಿ ಕೂರುತ್ತವೆ. ಇವು ಕಿವಿಗೆ ನೇರವಾಗಿದ್ದಷ್ಟೂ ಕಡಿಮೆ ಶಬ್ದದಲ್ಲಿ ಕೆಲಸ ನಡೆಯುತ್ತದೆ. ಗಾಳಿಯಂತ್ರಗಳು ಸಾಲುಗಟ್ಟಿ ನಿಂತ ಗಜೇಂದ್ರಗಡ ಭಾಗದಲ್ಲಿ ಗಾಳಿಯ ಮೊರೆತ ಮೀರಿಸಲು ಶಬ್ದ ಏರಿಸುವವರೇ ಹೆಚ್ಚು. 80 ಡೆಸಿಬಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದಾದರೆ, 90 ಡೆಸಿಬಲ್ ಆದಾಗ ಆ ಮಿತಿ ನಾಲ್ಕೇ ಗಂಟೆಗೆ ಇಳಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಎಚ್ಚರಿಕೆ.

ಸ್ಪೀಕರ್ ಕೂರಿಸಲು ಹೆಲ್ಮೆಟ್‌ನ ಒಳಗಿನ ಥರ್ಮೋಕೋಲ್ ಪದರ ಕೆತ್ತಬಾರದು. ಪೆಟ್ಟನ್ನು ಹೀರಿ ತಲೆ ಉಳಿಸುವುದು ಅದೇ ಪದರ. ದ್ವಿಚಕ್ರ ವಾಹನ ಸವಾರರಿಗೆ ಐಎಸ್ಐ ಗುರುತಿನ ಹೆಲ್ಮೆಟ್ ಮಾತ್ರ ಮಾರಬೇಕೆಂಬ ನಿಯಮ 2021ರ ಜೂನ್ 1ರಿಂದ ಜಾರಿಯಲ್ಲಿದೆ. ಗುರುತಿಲ್ಲದ ಹೆಲ್ಮೆಟ್ ಇದ್ದವರು ಹೆಡ್‌ಸೆಟ್‌ನ ಹಣವನ್ನು ಮೊದಲು ಒಳ್ಳೆಯ ಹೆಲ್ಮೆಟ್‌ಗೆ ಹಾಕುವುದು ಲೇಸು. ವೇಗಾ ಹೆಲ್ಮೆಟ್‌ಗಳು ನೆರೆಯ ಬೆಳಗಾವಿಯವೇ ಎಂಬುದು ಗಮನಾರ್ಹ.

ಮೈಕ್, ಧೂಳು ಮತ್ತು ಮಳೆ

ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಇದ್ದರೆ ಗದ್ದದ ಭಾಗದ ಒಳಗೆ ಅಂಟಿಸುವ ಗುಂಡಿಯಂಥ ಮೈಕ್ ಸಾಕು. ಅರ್ಧ ಮುಖದ ಹೆಲ್ಮೆಟ್‌ಗೆ ಬಾಯಿಯವರೆಗೆ ಚಾಚುವ ಕಡ್ಡಿಯ ಮೈಕ್ ಬೇಕು. ಇದರಲ್ಲಿ ಗಾಳಿ ನೇರ ಬಡಿಯುವುದರಿಂದ ಸ್ಪಂಜಿನ ಹೊದಿಕೆ ಅವಶ್ಯ.

ಪೆಟ್ಟಿಗೆಯ ಮೇಲಿನ ಐಪಿ ಸಂಖ್ಯೆಯಲ್ಲಿ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. ಐಪಿ67 ಎಂದರೆ ಧೂಳು ನುಗ್ಗದು. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆ. ಮೊದಲ ಅಂಕಿಯ ಜಾಗದಲ್ಲಿ 'ಎಕ್ಸ್' ಇದ್ದರೆ ಧೂಳಿನ ಬಗ್ಗೆ ಭರವಸೆ ಇಲ್ಲವೆಂದೇ ಅರ್ಥ. ಎರೆ ಮಣ್ಣಿನ ಸೀಮೆಯ ಸವಾರರು ಇದನ್ನು ನೋಡದೆ ಕೊಳ್ಳಬಾರದು. ಬೇಸಿಗೆಯಲ್ಲಿ ಹೆಲ್ಮೆಟ್ ಅನ್ನು ಬಿಸಿಲಿನಲ್ಲಿ ನಿಂತ ಬೈಕಿಗೆ ತೂಗುಹಾಕಿದರೆ ಬ್ಯಾಟರಿಯ ಆಯಸ್ಸು ಕುಗ್ಗುತ್ತದೆ.

ದುಬಾರಿ ಬೆಲೆಯ ಸಾಧನಗಳಲ್ಲಿ ದಕ್ಷಿಣ ಕೊರಿಯಾದ ಸೇನಾ, ಇಸ್ರೇಲ್ ಮೂಲದ ಕಾರ್ಡೋ ಹೆಸರುವಾಸಿ. ಹೆಲ್ಮೆಟ್ ತಂಪು ಮಾಡುವ ಸಾಧನದಿಂದ ಪರಿಚಿತವಾದ ಬೆಂಗಳೂರಿನ ಬ್ಲೂಆರ್ಮರ್ ಕೂಡ ಹೆಡ್‌ಸೆಟ್ ತಯಾರಿಸುತ್ತದೆ. ಸವಾರರು ತಮ್ಮತಮ್ಮಲ್ಲಿ ಮಾತನಾಡುವ ಇಂಟರ್‌ಕಾಮ್ ಸೌಲಭ್ಯ ಗುಂಪಿನಲ್ಲಿ ದೂರ ಪ್ರಯಾಣ ಮಾಡುವವರಿಗೆ ಉಪಯುಕ್ತ. ಒಬ್ಬರೇ ಓಡಾಡುವವರು ಅದಕ್ಕಾಗಿ ಹೆಚ್ಚು ಹಣ ತೆರಬೇಕಿಲ್ಲ.

ಕೊಳ್ಳುವ ಮುನ್ನ

ಅಂಗಡಿಗೆ ಸ್ವಂತ ಹೆಲ್ಮೆಟ್ ಕೊಂಡೊಯ್ದು, ಸ್ಪೀಕರ್ ಕಿವಿಗೆ ಒತ್ತುತ್ತದೆಯೇ, ಗುಂಡಿಗಳು ಕಣ್ಣಿಟ್ಟು ನೋಡದೆಯೇ ಬೆರಳಿಗೆ ಸಿಗುತ್ತವೆಯೇ ಎಂದು ಪರೀಕ್ಷಿಸಬೇಕು. ಕರೆ ತಾನಾಗಿಯೇ ತೆರೆದುಕೊಳ್ಳುವ ಸೌಲಭ್ಯವಿದ್ದರೆ ಅದನ್ನು ನಿಲ್ಲಿಸಲು ಬರುತ್ತದೆಯೇ ಎಂದು ಕೇಳಬೇಕು. ಕೊನೆಯದಾಗಿ, ದಿನನಿತ್ಯ ಬಳಸುವಷ್ಟೇ ಶಬ್ದವಿಟ್ಟು ಹೆಲ್ಮೆಟ್ ಧರಿಸಿ ನಿಂತು, ಇಪ್ಪತ್ತು ಹೆಜ್ಜೆ ಹಿಂದಿನಿಂದ ಹಾರ್ನ್ ಹಾಕಲು ಒಬ್ಬರಿಗೆ ಹೇಳಬೇಕು. ನಿಂತಲ್ಲಿಯೇ ಆ ಸದ್ದು ಕೇಳಿಸದಿದ್ದರೆ ಓಡುವ ಬೈಕಿನ ಮೇಲೆ ಕೇಳಿಸುವ ಮಾತು ದೂರವೇ ಉಳಿಯಿತು. ಅಂಥ ಹೆಡ್‌ಸೆಟ್ ಎಷ್ಟೇ ಅಗ್ಗವಾಗಿದ್ದರೂ ಸವಾರನ ಪಾಲಿಗೆ ದುಬಾರಿಯೇ ಸರಿ.